ತೋರ್ ಅಂದ್ರ ಅಗಸಿ

ಬರ್ಲಿನ್ನಿಂದ ಬಂದು ತಿಂಗಳಾತು. ಮನಿಗೆ ಬಂದವರು, ಫೋನ್ ಮಾಡಿದವರು ಎಲ್ಲಾರೂ ಕೇಳೋದು ಒಂದ: "ಏನೇನ್ ನೋಡ್ಕೊಂಡ್ ಬಂದ್ರಿ ವೈನಿ?" ಫೋಟೋ ತೋರಿಸಿದ್ರ ಗುರ್ತು ಹಿಡಿಯೋದೂ ಒಂದನ್ನ, ಮ್ಯಾಲೆ ನಾಲ್ಕು ಕುದರಿ ರಥ ಇರೋ ಆ ದೊಡ್ಡ ಕಲ್ಲಿನ ಬಾಗಲಾ. ಅದರ ಹೆಸರು ಬ್ರಾಂಡೆನ್‌ಬುರ್ಗರ್ ತೋರ್. ಟಿವಿಯೊಳಗ ಜರ್ಮನಿ ಸುದ್ದಿ ಬಂದಾಗೆಲ್ಲಾ ಅದನ್ನ ತೋರಸ್ತಾರಲಾ, ಅದ. ನನಗ ಖರೇ ಹೇಳಬೇಕಂದ್ರ ಆ ಬಾಗಲಕ್ಕಿಂತಾ ಅದರ ಹೆಸರಿನ ಬಾಲದಾಗಿರೋ 'ತೋರ್' ಅನ್ನೋ ಶಬ್ದಾನ ಹೆಚ್ಚು ಹಿಡಿಸ್ತು. ಮೂರು ತಿಂಗಳು ಮಗಳ ಮನ್ಯಾಗಿದ್ದು ನಾ ಕಲತ ಜರ್ಮನ್ ಹತ್ತು ಹನ್ನೆರಡು ಶಬ್ದ ಇರಬಹುದು. ಅದರಾಗ ಈ ಒಂದು ಶಬ್ದದ ಹಿಂದ ಭಾಳ ದೂರ ಹೋಗಿ ಬಂದೆ. ಅದನ್ನ ನಿಮಗೂ ಹೇಳಬೇಕು ಅನ್ನಿಸ್ತು.

ಜರ್ಮನದಾಗ ಬಾಗಲಕ್ಕ ಎರಡು ಶಬ್ದ ಅವ. ಮನಿ ಬಾಗಲಾ, ಅಡಿಗಿಮನಿ ಬಾಗಲಾ, ಕಪಾಟಿನ ಬಾಗಲಾ, ಇವೆಲ್ಲಾ 'ತ್ಯೂರ್'. ಊರಿನ ಬಾಗಲಾ, ಕೋಟಿ ಬಾಗಲಾ, ಗಾಡಿ ಒಳಗ ಹೋಗುವಂಥ ದೊಡ್ಡ ಬಾಗಲಾ 'ತೋರ್'. ನಮ್ಮ ಕಡೆ ಮನಿಗೆ ಬಾಗಲಾ, ಊರಿಗೆ ಅಗಸಿ ಅಂತೇವಲ್ಲ, ಹಂಗ. ಬೆಂಗಳೂರು ಮೈಸೂರು ಕಡೆಯವರಿಗೆ ಅಗಸಿ ಅಂದ್ರ ಗೊತ್ತಾಗೂದಿಲ್ಲ, ಅವರು ಊರ ಹೆಬ್ಬಾಗಿಲು ಅಂತಾರ. ನಮಗ ಮಾತ್ರ ತೋರ್ ಅಂದ್ರ ಅಗಸಿ ಅಂದ್ಬಿಟ್ರ ಅಷ್ಟ ಸಾಕು, ಪೂರಾ ಅರ್ಥ ಆತು.

ಈ ಶಬ್ದ ನಮಗ ಅಷ್ಟೇನೂ ಪರಕೀ ಅಲ್ಲ. ಸಂಸ್ಕೃತದ 'ದ್ವಾರ', ಪಾರ್ಸಿಯ 'ದರ್' (ಅದರಿಂದ ಬಂದದ್ದು ನಮ್ಮ ದರವಾಜಾ), ಇಂಗ್ಲಿಷಿನ 'ಡೋರ್', ಜರ್ಮನದ 'ತ್ಯೂರ್' ಮತ್ತ 'ತೋರ್', ಇವೆಲ್ಲಾ ಒಂದ ಬೇರಿನವು ಅಂತ ಭಾಷಾ ಪಂಡಿತರು ಹೇಳ್ತಾರ. ಅಂದ್ರ ಹರಿದ್ವಾರದಾಗಿನ ದ್ವಾರ, ವಿಜಾಪುರದ ಮಕ್ಕಾ ದರವಾಜಾದಾಗಿನ ದರವಾಜಾ, ಬರ್ಲಿನ್ನಿನ ತೋರ್ ಮೂರೂ ಒಂದ ಅಜ್ಜಿ ಮೊಮ್ಮಕ್ಕಳು. ನಮ್ಮ 'ಬಾಗಿಲು' ಮಾತ್ರ ಬ್ಯಾರೆ ಮನಿತನದ್ದು. ಅದು ಬಾಯಿ ಮತ್ತ ಇಲ್ಲು ಕೂಡಿ ಆದದ್ದು. ಇಲ್ಲು ಅಂದ್ರ ಮನಿ, ಮನಿ ಬಾಯಿ ಅದು. ಎಷ್ಟು ಚೊಲೋ ಶಬ್ದ ನೋಡ್ರಿ.

ನೆನಪಿಡಲಿಕ್ಕೆ ನಾ ಒಂದು ಉಪಾಯ ಮಾಡ್ಕೊಂಡೆ. ತೋರ್ ಅಂದ್ರ 'ತೋರಸೋದು'. ಆ ಶಬ್ದಕ್ಕೂ ನಮ್ಮ ತೋರಸೋದಕ್ಕೂ ಏನೂ ಸಂಬಂಧ ಇಲ್ಲ. ಆದ್ರ ಜರ್ಮನಿ ಒಳಗ ತೋರ್ ಮಾಡೋ ಕೆಲಸಾನೂ ಅದ, ದಾರಿ ತೋರಸೋದು. ಹೆಂಗ ಅಂತ ಹೇಳ್ತೇನಿ.

ಬರ್ಲಿನ್ನಿನ ನೆಲದೊಳಗಿನ ರೈಲಿನ್ಯಾಗ ಕೂತ್ರ ಸ್ಟೇಶನ್ ಹೆಸರು ಒಂದಾದ ಮ್ಯಾಲೊಂದು ಹೇಳ್ತಾರ. ಕೊಟ್‌ಬುಸ್ಸರ್ ತೋರ್, ಹಾಲೆಶೆಸ್ ತೋರ್, ಶ್ಲೇಸಿಶೆಸ್ ತೋರ್, ಫ್ರಾಂಕ್‌ಫುರ್ಟರ್ ತೋರ್. ಇಷ್ಟು ಅಗಸಿ ಇರೋ ಊರು ಹೆಂಗಿರಬೇಕು ಅಂತ ನಾ ಕಣ್ಣು ಅಗಲ ಮಾಡಿ ಕಿಡಕಿಯೊಳಗ ನೋಡಿದೆ. ಮ್ಯಾಲೆ ಹತ್ತಿ ಬಂದ್ರ ಒಂದೂ ಅಗಸಿ ಇಲ್ಲ. ಕೊಟ್‌ಬುಸ್ಸರ್ ತೋರ್ ಅನ್ನೋಲ್ಲಿ ಇರೋದು ಗಾಡಿ ತಿರಗೋ ದೊಡ್ಡ ವೃತ್ತ, ಸುತ್ತ ಎತ್ತರದ ಮನಿಗೋಳು, ತುರ್ಕಿಯವರ ಅಂಗಡಿಗೋಳು. ಅಲ್ಲಿ ಮಂದಿ ಅದಕ್ಕ ಲಾಡಲೇ 'ಕೊಟ್ಟಿ' ಅಂತಾರ. ಅಲ್ಲಿಂದ ಒಂದು ಸೇತುವೆ ದಾಟಿದ್ರ ಕಾಲುವಿ ದಂಡಿ ಮ್ಯಾಲೆ ಮಂಗಳವಾರ, ಶುಕ್ರವಾರ ತುರ್ಕಿ ಸಂತಿ ಕೂಡ್ತದ. ಬದನಿಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಕಟ್ಟು ಸಿಗ್ತಾವ. ಕೊತ್ತಂಬರಿ ಸಿಕ್ಕಿತು ಅಂದ ಮ್ಯಾಲೆ ನನಗ ಊರು ನಮ್ಮದ ಅನ್ನಿಸ್ತು. ಅಗಸಿ ಮಾತ್ರ ಸಿಗಲಿಲ್ಲ.

ಮಗಳನ್ನ ಕೇಳಿದೆ. ಅಕಿ ನಕ್ಕು, "ಅವ್ವಾ, ಆ ಅಗಸಿಗೋಳು ಹೋಗಿ ನೂರೈವತ್ತು ವರ್ಷ ಆತು, ಹೆಸರು ಅಷ್ಟ ಉಳದಾವ" ಅಂದ್ಲು.

1730ರ ದಶಕದಾಗ ಪ್ರಷ್ಯಾದ ರಾಜ ಬರ್ಲಿನ್ನಿನ ಸುತ್ತ ಒಂದು ಗ್ವಾಡಿ ಕಟ್ಟಿಸಿದ. ನಮ್ಮ ಕೋಟೆ ಗ್ವಾಡಿ ಹಂಗ ಶತ್ರು ಬರಬಾರದು ಅಂತ ಕಟ್ಟಿದ್ದಲ್ಲ ಅದು, ತೆರಿಗಿ ವಸೂಲಿಗೆ ಕಟ್ಟಿದ್ದು. ಊರೊಳಗ ಬರೋ ಸಾಮಾನೆಲ್ಲಾ ಅಗಸ್ಯಾಗ ನಿಂದರಬೇಕು, ಸುಂಕ ಕೊಡಬೇಕು, ಆಮ್ಯಾಲೆ ಒಳಗ. ಅದಲ್ಲದ ಸೈನ್ಯದಾಗಿನ ಹುಡುಗರು ಓಡಿ ಹೋಗಬಾರದು ಅಂತನೂ ಆ ಗ್ವಾಡಿ ಕೆಲಸಕ್ಕ ಬರ್ತಿತ್ತು. ಮುಂದ 1820ರಿಂದ ಹಿಟ್ಟಿನ ಮ್ಯಾಲೆ, ಮಾಂಸದ ಮ್ಯಾಲೆ ತೆರಿಗಿ ಹಾಕಿದ್ರು. ವಿಚಾರ ಮಾಡ್ರಿ, ಗಿರಣಿಯಿಂದ ಹಿಟ್ಟು ಬೀಸಿಕೊಂಡು ಬರೋ ಹೆಣ್ಣಮಗಳು ಅಗಸ್ಯಾಗ ನಿಂತು ಚೀಲ ಬಿಚ್ಚಿ ತೋರಸಬೇಕು. ಊರು ಬೆಳದು ಗ್ವಾಡಿ ದಾಟಿ ಆಚೆ ಹೋತು. 1860ರ ದಶಕದಾಗ ಗ್ವಾಡಿ ಕೆಡವಲಿಕ್ಕೆ ಸುರು ಮಾಡಿದ್ರು. ಅಗಸಿಗೋಳೂ ಹೋದ್ವು. ಉಳದದ್ದು ಬ್ರಾಂಡೆನ್‌ಬುರ್ಗರ್ ತೋರ್ ಒಂದ, 1788ರಿಂದ 1791ರ ತನಕ ಕಟ್ಟಿದ್ದು. ಉಳದವುಗಳ ಹೆಸರು ರೈಲಿನ ಸ್ಟೇಶನ್ನಿಗೆ, ಚೌಕಕ್ಕ ಅಂಟಿಕೊಂಡು ಕೂತಾವ.

ಈಗ ಹೆಸರಿನ ಕಡೆ ಬರೋಣ. ನಾ ಮದಲ ಬ್ರಾಂಡೆನ್‌ಬುರ್ಗ್ ಅಂದ್ರ ಯಾರೋ ರಾಜ ಇರಬೇಕು ಅಂತಿದ್ದೆ, ನೀವೂ ಹಂಗ ಅನ್ಕೊಂಡಿರಬಹುದು. ಅದೊಂದು ಊರು. ಬರ್ಲಿನ್ನಿಂದ ಪಶ್ಚಿಮಕ್ಕ 60-70 ಕಿಲೋಮೀಟರ್, ಹಾಫೆಲ್ ಅನ್ನೋ ಹೊಳಿ ದಂಡಿಗೆ ಅದ. ಆ ಊರಿನ ದಾರಿ ಸುರು ಆಗೋ ಅಗಸಿ ಅದಕ್ಕ ಬ್ರಾಂಡೆನ್‌ಬುರ್ಗರ್ ತೋರ್. ಕೊನಿಗೆ ಹತ್ತೋ 'ಅರ್' ಅಂದ್ರ ಆ ಊರಿನ, ಆ ಊರಿಗೆ ಸಂಬಂಧಪಟ್ಟ ಅಂತ. ನಾವು ಬನಾರಸಕ್ಕ ಇ ಹಚ್ಚಿ ಬನಾರಸಿ ಸೀರಿ ಅಂತೇವಲ್ಲ, ಹಂಗ. ಕೆಲವು ಹೆಸರಿಗೆ 'ಇಶೆಸ್' ಅಂತ ಹತ್ತತದ. ಕೊಟ್‌ಬುಸ್ಸರ್ ತೋರ್ ಅಂದ್ರ ಕೊಟ್‌ಬುಸ್ ಊರಿನ ದಾರಿ. ಹಾಲೆಶೆಸ್ ತೋರ್ ಅಂದ್ರ ಹಾಲೆ ಊರಿನ ದಾರಿ. ಶ್ಲೇಸಿಶೆಸ್ ತೋರ್ ಅಂದ್ರ ಶ್ಲೇಸಿಯೆನ್ ಸೀಮಿ ದಾರಿ, ಆ ಸೀಮಿ ಹೆಚ್ಚೂ ಕಡಿಮಿ ಎಲ್ಲಾ ಈಗ ಪೋಲಂಡಿನ್ಯಾಗ ಅದ. ಫ್ರಾಂಕ್‌ಫುರ್ಟರ್ ತೋರ್ ಅಂದ್ರ ವಿಮಾನ ಬದಲಿ ಮಾಡೋ ದೊಡ್ಡ ಫ್ರಾಂಕ್‌ಫರ್ಟ್ ಅಲ್ಲ ಮತ್ತ! ಪೂರ್ವ ಗಡಿಗೆ ಓಡರ್ ಹೊಳಿ ದಂಡಿಗೆ ಇನ್ನೊಂದು ಸಣ್ಣ ಫ್ರಾಂಕ್‌ಫರ್ಟ್ ಅದ, ಅದರ ದಾರಿ.

ಅಂದ್ರ ಅಗಸಿ ಹೆಸರು ನೀವು ನಿಂತಿರೋ ಜಾಗಾದ್ದಲ್ಲ, ನೀವು ಹೊಂಟಿರೋ ಊರಿನದು. ಊರಿನ ಒಳಗಿನವರು ಹೊರಗ ನೋಡಿ ಇಟ್ಟ ಹೆಸರು.

ಈ ಲೆಕ್ಕ ತಿಳೀತು ಅಂದ್ರ ಜರ್ಮನಿ ಊರೆಲ್ಲಾ ಓದಲಿಕ್ಕೆ ಬರ್ತದ. ಮ್ಯೂನಿಕ್‌ನಾಗ ಸೆಂಡ್ಲಿಂಗರ್ ತೋರ್ ಅದ, ಅದು ಸೆಂಡ್ಲಿಂಗ್ ಅನ್ನೋ ಹಳ್ಳಿ ಕಡೆ ಮಾರಿ ಮಾಡಿದ್ದು. ಆ ಹಳ್ಳಿ ಈಗ ಮ್ಯೂನಿಕ್ ಊರೊಳಗ ಸೇರ್ಯದ. ಇಸಾರ್‌ತೋರ್ ಅಂದ್ರ ಇಸಾರ್ ಹೊಳಿ ಕಡೆ ಹೋಗೋದು. ಅಲ್ಲೊಂದು ಗಡಿಯಾರ ಅದ, ಮುಳ್ಳು ಹಿಂದ ಹಿಂದ ತಿರಗತಾವ, ಚಾಷ್ಟಿಗೆ ಇಟ್ಟದ್ದು. ಲ್ಯೂಬೆಕ್ ಊರಿನ ಹೋಲ್‌ಸ್ಟೆನ್‌ತೋರ್ ಹೋಲ್‌ಸ್ಟೈನ್ ಸೀಮಿ ಕಡೆ ನೋಡ್ತದ. ಎರಡು ದುಂಡನ ಗೋಪುರ, ಕೆಂಪ ಇಟ್ಟಂಗಿದು, 500 ವರ್ಷದ ಮ್ಯಾಲಾತು. ಭಾರಕ್ಕ ನೆಲದಾಗ ಕುಸದು ಒಂದೀಟು ವಾಲ್ಯದ. ಆ ಊರಾಗ ಬದಾಮಿ ಹಲ್ವಾದಂಥಾ ಮಾರ್ಸಿಪಾನ್ ಅನ್ನೋ ಸಿಹಿ ಭಾಳ ಹೆಸರಾಗ್ಯದ. ನಮ್ಮ ಬದಾಮಿ ಬರ್ಫಿ ಮಾಡಿದವರಿಗೆ ಅದೇನೂ ಹೊಸಾದಲ್ಲ, ಆದ್ರ ಚೊಲೋ ಇರ್ತದ. ರೋಟೆನ್‌ಬುರ್ಗ್ ಅನ್ನೋ ಹಳೇ ಊರಾಗ ಗಾಲ್ಗೆನ್‌ತೋರ್ ಅಂತ ಅದ, ಅಂದ್ರ ಗಲ್ಲಿನ ಅಗಸಿ. ಗಲ್ಲಿಗೆ ಹಾಕೋ ಜಾಗಾದ ಕಡೆ ಹೋಗೋ ದಾರಿ ಅದು. ಅಗಸಿ ಎಲ್ಲಿಗೆ ಹೋಗತದೋ ಅದ ಹೆಸರು, ಒಳ್ಳೇದಿರಲಿ ಕೆಟ್ಟದ್ದಿರಲಿ, ಮುಚ್ಚು ಮರಿ ಇಲ್ಲ.

ಎಲ್ಲಾದಕ್ಕಿಂತ ನನ್ನ ಮನಸಿಗೆ ಹತ್ತಿದ್ದು ಇದು. ಹಾಂಬುರ್ಗ್ ಊರಾಗ ಬರ್ಲಿನರ್ ತೋರ್ ಅಂತ ಒಂದು ಸ್ಟೇಶನ್ ಅದ. ಬರ್ಲಿನ್ನಿನ್ಯಾಗ ಒಂದು ಕಾಲಕ್ಕ ಹಾಂಬುರ್ಗರ್ ತೋರ್ ಅಂತ ಇತ್ತು. ಇದು ಅದರ ಹೆಸರು ಹೇಳ್ತದ, ಅದು ಇದರ ಹೆಸರು ಹೇಳ್ತದ. ನಮ್ಮಲ್ಲೂ ದಿಲ್ಲಿಯ ಕೆಂಪು ಕೋಟೆಗೆ ಲಾಹೋರಿ ಗೇಟ್ ಅದ, ಲಾಹೋರದಾಗ ದಿಲ್ಲಿ ದರವಾಜಾ ಅದ. ನಡುವ ಗಡಿ ಬಂತು, ದಾರಿ ಬಂದಾತು, ಆದ್ರ ಬಾಗಲಾ ಇನ್ನೂ ಒಂದನ್ನೊಂದು ಕರಕೋತ ನಿಂತಾವ. ಬೀಗರ ಊರಿಗೆ ಹೋದ ಮಗಳು "ನಮ್ಮೂರಾಗ ಹಿಂಗಿಲ್ರಿ" ಅಂತಾಳ, ಇಲ್ಲಿ ಅವ್ವ ದಿನಾ "ಅಲ್ಲಿ ಮಳಿ ಆತೋ ಏನೋ" ಅಂತಾಳ. ಅಂಥಾದ್ದು ಇದು.

ಅಗಸಿ ಅಂದ ಮ್ಯಾಲೆ ಯಾರನ್ನ ಒಳಗ ಬಿಡಬೇಕು, ಯಾರನ್ನ ಬಿಡಬಾರದು ಅನ್ನೋದೂ ಬಂತು. 1743ರಾಗ ಮೋಸೆಸ್ ಮೆಂಡೆಲ್‌ಸೋನ್ ಅನ್ನೋ 14 ವರ್ಷದ ಯಹೂದಿ ಹುಡುಗ ಡೆಸ್ಸೌ ಊರಿಂದ ಬರ್ಲಿನ್ನಿಗೆ ಓದಲಿಕ್ಕೆ ಅಂತ ಬಂದ. ಯಹೂದಿಗಳಿಗೆ ಎಲ್ಲಾ ಅಗಸಿನೂ ತೆಗೀತಿರಲಿಲ್ಲ, ಅವರು ರೋಸೆಂಟಾಲರ್ ತೋರ್ ಅನ್ನೋ ಅಗಸಿಯಿಂದನ ಬರಬೇಕಾಗಿತ್ತು, ಅದಕ್ಕ ಆ ಹುಡುಗ ಆ ಅಗಸಿಯಿಂದ ಊರೊಳಗ ಬಂದ ಅಂತ ಚರಿತ್ರೆಯೊಳಗ ಹೇಳ್ತಾರ. ಅಂವ ಮುಂದ ದೊಡ್ಡ ತತ್ವಜ್ಞಾನಿ ಆದ. ಇವತ್ತು ಆ ಜಾಗಾದಾಗ ರೋಸೆಂಟಾಲರ್ ಪ್ಲಾಟ್ಸ್ ಅಂತ ಸ್ಟೇಶನ್ ಅದ, ತೋರ್ ಅನ್ನೋ ಶಬ್ದಾನೂ ಹೋಗ್ಯದ. ಯಾರು ಬೇಕಾದ್ರೂ ಇಳದು ಹತ್ತತಾರ.

ರಾತ್ರಿ ಆತಂದ್ರ ಅಗಸಿ ಹಾಕೋದು ಎಲ್ಲಾ ಕಡೆ ಇತ್ತು. ನಮ್ಮ ಹಳ್ಳಿಗೋಳಾಗೂ ದೀಪ ಹಚ್ಚೋ ಹೊತ್ತಿಗೆ ದನಾ ಒಳಗ ಬಂದ್ವು ಅಂದ್ರ ಅಗಸಿ ಹಾಕತಿದ್ರು ಅಂತ ನಮ್ಮಜ್ಜಿ ಹೇಳತಿದ್ಲು. ಹಾಂಬುರ್ಗ್ ಊರಾಗ ಇದೊಂದು ದೊಡ್ಡ ಕಾಯ್ದೆನ ಆಗಿತ್ತು. ಹೊತ್ತು ಮುಳಗಿದ ಮ್ಯಾಲೆ ಬಂದ್ರ ದಂಡ ಕೊಟ್ಟು ಒಳಗ ಬರಬೇಕು. ತಡಾ ಆದಂಗ ದಂಡ ಹೆಚ್ಚು. ಕೈಯಾಗ ರೊಕ್ಕ ಇಲ್ಲದ ಕೂಲಿ ಮಂದಿ ಹೊರಗಿಂದ ಊರಿನ ಕಡೆ ಓಡಿ ಓಡಿ ಬರಬೇಕು. ಅಗಸಿ ಹಾಕೋ ಹೊತ್ತಿನ ಆ ಧಾವತಿ, ಆ ಎದಿ ಬಡಕೊಳ್ಳೋದಕ್ಕ ಜರ್ಮನದಾಗ ಒಂದು ಶಬ್ದ ಅದ: 'ತೋರ್‌ಶ್ಲುಸ್‌ಪಾನಿಕ್'. ತೋರ್ ಅಂದ್ರ ಅಗಸಿ, ಶ್ಲುಸ್ ಅಂದ್ರ ಮುಚ್ಚೋದು, ಪಾನಿಕ್ ಅಂದ್ರ ಗಾಬರಿ. ಅಗಸಿ ಮುಚ್ಚತದ ಅನ್ನೋ ಗಾಬರಿ.

ಈ ಶಬ್ದ ನನಗ ಪುಸ್ತಕದಾಗ ಸಿಕ್ಕಿದ್ದಲ್ಲ. ಒಂದು ರವಿವಾರ ಊರಿಂದ ಹಿರೇರೊಬ್ಬರು ಫೋನ್ ಮಾಡಿದ್ರು. ನಾ ಚಪಾತಿ ಹಿಟ್ಟು ನಾದಲಿಕ್ಕೆ ಹತ್ತಿದ್ದೆ, ಕೈಗೆ ಹಿಟ್ಟು ಹತ್ತಿತ್ತು, ಅದಕ್ಕ ಮಗಳು ಫೋನು ಸ್ಪೀಕರಿಗೆ ಹಾಕಿ ಕಟ್ಟಿ ಮ್ಯಾಲಿಟ್ಲು. ಆ ಕಡೆಯಿಂದ ಚಾ ಆತೇನು, ಥಂಡಿ ಹೆಂಗದ ಅಂತ ಕೇಳಿ ಸೀದಾ ವಿಷಯಕ್ಕ ಬಂದ್ರು. "ಅಕಿಗೆ ಮೂವತ್ತಮೂರು ಆತಲ್ಲ. ಇನ್ನ ಎಷ್ಟ ದಿನಾ ಅಂತ. ಮುಂದ ಚೊಲೋ ಸಂಬಂಧ ಬರೂದಿಲ್ಲ. ಮಕ್ಕಳು ಮರಿ ಆಗಬೇಕಂದ್ರೂ ವಯಸ್ಸಿರಬೇಕು. ಸಮಯಾ ಮೀರಿದ ಮ್ಯಾಲೆ ಯಾರು ಕೇಳ್ತಾರ?" ಅಂದ್ರು. ಅಂದದ್ದು ಪ್ರೀತಿಲೇ, ಅದರಾಗ ಸಂಶಯ ಇಲ್ಲ. ಮಗಳು ಸಿಟ್ಟಾಗ್ತಾಳ ಅಂತ ನಾ ಅಕಿ ಮಾರಿ ನೋಡಿದೆ. ಅಕಿ ಕೊತ್ತಂಬರಿ ಸೋಸೋದು ಬಿಡಲಿಲ್ಲ. ಫೋನ್ ಇಟ್ಟ ಮ್ಯಾಲೆ, "ಇದಕ್ಕ ಇಲ್ಲಿ ಏನಂತಾರ ಗೊತ್ತೇನವ್ವಾ?" ಅಂತ ಕೇಳಿ ಆ ಉದ್ದನ ಶಬ್ದ ಹೇಳಿದ್ಲು. ಇವತ್ತು ಜರ್ಮನಿ ಒಳಗ ಆ ಶಬ್ದಾ ಬಳಸೋದು ಹೆಚ್ಚಾಗಿ ಇದಕ್ಕ ಅಂತ. ವಯಸ್ಸು ಹೋಗ್ಲಿಕ್ಕೆ ಹತ್ತೇದ, ಮದವಿ ಆಗಲಿಲ್ಲ, ಕೂಸು ಆಗಲಿಲ್ಲ, ಕೆಲಸ ಹಿಡೀಲಿಲ್ಲ, ಇನ್ನ ಬಾಗಲಾ ಹಾಕ್ತಾರ ಅಂತ ಗಾಬರಿಯಾಗಿ ಸಿಕ್ಕದ್ದಕ್ಕ ಹೂಂ ಅನ್ನೋದು.

ಅಂದ್ರ ಅಲ್ಲಿನ ಮಂದಿಗೂ ಈ ಗಾಬರಿ ಅದ. ಅಲ್ಲಿನ ಅತ್ತಿ, ಕಾಕು, ಮಾಮಿಗೋಳೂ ಕೇಳ್ತಾರ. ನನಗ ಅದು ಕೇಳಿ ಒಂಥರಾ ಸಮಾಧಾನ ಆತು ಅಂದ್ರ ನಗಬ್ಯಾಡ್ರಿ.

ಆ ರಾತ್ರಿ ನಾ ಆ ಶಬ್ದದ ಬಗ್ಗೆ ಭಾಳ ವಿಚಾರ ಮಾಡಿದೆ. ಹಾಂಬುರ್ಗಿನ್ಯಾಗ ಅಗಸಿ ಹಾಕೋ ಕಾಯ್ದೆ ತಗದದ್ದು 1860ರ ಡಿಸೆಂಬರ್ 31ಕ್ಕ. ಮರುದಿನಾ ಹೊಸಾ ವರ್ಷ. ಅವತ್ತಿನಿಂದ ಹಾಂಬುರ್ಗಿನ್ಯಾಗ ರಾತ್ರಿ ಹನ್ನೆರಡಕ್ಕ ಬರ್ರಿ, ಎರಡಕ್ಕ ಬರ್ರಿ, ಯಾರೂ ತಡಿಯೂದಿಲ್ಲ, ದಂಡಾ ಕೇಳೂದಿಲ್ಲ. ಅಗಸಿ ಹೋತು, ಗ್ವಾಡಿ ಹೋತು, ಕಾವಲುಗಾರ ಹೋದ. ಗಾಬರಿ ಮಾತ್ರ ಉಳೀತು, ಶಬ್ದದೊಳಗ. ಕೊಟ್‌ಬುಸ್ಸರ್ ತೋರ್ ಒಳಗ ತೋರ್ ಇಲ್ಲ, ಹೆಸರು ಅದ. ಹಂಗ ಇದೂ.

ನಮ್ಮ ಅವ್ವನ ಕಾಲಕ್ಕ ಖರೇನ ಅಗಸಿ ಇತ್ತು. ಹೆಣ್ಣಮಕ್ಕಳಿಗೆ ಹದಿನಾರು ಹದಿನೇಳು ದಾಟಿತಂದ್ರ ಓದಸ್ತಿರಲಿಲ್ಲ. ದುಡೀಲಿಕ್ಕೆ ಬರ್ತಿರಲಿಲ್ಲ, ಒಬ್ಬಾಕಿನ ಇರಲಿಕ್ಕೆ ಮನಿ ಕೊಡ್ತಿರಲಿಲ್ಲ, ತವರುಮನ್ಯಾಗ ಅಣ್ಣನ ಹೆಂಡತಿ ಕೈಯಾಗ ಉಣಬೇಕು. ಅವಾಗ ಬಾಗಲಾ ಹಾಕ್ತಾರ ಅಂತ ಓಡಿದ್ರ ಅದಕ್ಕ ಅರ್ಥ ಇತ್ತು. ನಾ ಪಿಯುಸಿ ಮುಗಿಸೋದ್ರಾಗ ಮದವಿ ನಿಶ್ಚೆ ಆತು, ನಮ್ಮಪ್ಪಗ ಅವಾಗ ಬ್ಯಾರೆ ದಾರಿ ಕಾಣಲಿಲ್ಲ. ಅದನ್ನ ನಾ ತಪ್ಪು ಅಂತ ಹೇಳೂದಿಲ್ಲ. ಆದ್ರ ನಮ್ಮ ಮಕ್ಕಳ ಕಾಲಕ್ಕ ಅವು ಗಿರಣಿಗೆ ಹೋಗಿ ಬಂದು ಅಗಸ್ಯಾಗ ಚೀಲ ಬಿಚ್ಚಿ ತೋರಸೋ ಪರಿಸ್ಥಿತಿ ಇಲ್ಲ. ಅವರ ಪಗಾರ ಅವರದು, ಅವರ ಮನಿ ಕೀಲಿ ಅವರ ಪರ್ಸಿನ್ಯಾಗ ಅದ. ಗ್ವಾಡಿ ಕೆಡವಿ ಆಗ್ಯದ. ನಾವಷ್ಟ ಕಂದೀಲು ಹಿಡಕೊಂಡು ಇಲ್ಲದ ಬಾಗಲದ ಮುಂದ ನಿಂತೇವಿ, "ಹೊತ್ತಾತು, ಹೊತ್ತಾತು" ಅಂತ.

ಹಂಗಂತ ವಯಸ್ಸಿಗೆ ಲೆಕ್ಕ ಇಲ್ಲ ಅಂತಲ್ಲ. ಕೂಸು ಬೇಕು ಅನ್ನೋರಿಗೆ ಶರೀರದ ಲೆಕ್ಕ ಅದ, ಅದನ್ನ ಡಾಕ್ಟರು ಹೇಳ್ತಾರ, ಅವರಿಗೂ ಗೊತ್ತದ. ನಮ್ಮ ಹುಡಗ್ಯಾರು ಅಷ್ಟು ತಿಳಿಲಾರದವರಲ್ಲ. ನಾ ಹೇಳೋದು ಗಾಬರಿ ಬಗ್ಗೆ. ಅಗಸಿ ಹಾಕ್ತಾರ ಅಂತ ಗಾಬರಿಯಾಗಿ ಓಡೋರು ಯಾವ ಅಗಸಿ ಅಂತ ನೋಡೂದಿಲ್ಲ, ಯಾವುದು ತೆಗದದನೋ ಅದರಾಗ ನುಗ್ಗತಾರ. ಹಂಗ ನುಗ್ಗಿ ಒಳಗ ಹೋಗಿ ಆಮ್ಯಾಲೆ ಕಣ್ಣೀರ ಹಾಕಿದ ಹುಡಗ್ಯಾರು ನಮ್ಮ ನಿಮ್ಮ ಬಳಗದಾಗ ಅದಾರ. ಹೆಸರು ಹೇಳೋ ಅಗತ್ಯ ಇಲ್ಲ, ನಿಮಗ ಈಗಾಗಲೇ ನೆನಪಾಗಿರ್ತದ. ಅಗಸಿ ಹೆಸರು ಅದು ಹೋಗೋ ಊರಿನದು ಅಂತ ಅಂದ್ನಲ್ಲ. ದಾಟೋಕಿಂತ ಮುಂಚೆ ಆ ಹೆಸರು ಓದಲಿಕ್ಕೆ ಒಂದೀಟು ಪುರಸೊತ್ತು ಬೇಕು. ಗಲ್ಲಿನ ಅಗಸಿಗೂ ಹೋಲ್‌ಸ್ಟೈನ್ ಅಗಸಿಗೂ ಓಡೋರ ಕಣ್ಣಿಗೆ ಫರಕ ಕಾಣೂದಿಲ್ಲ.

ಖರೇ ಮುಚ್ಚಿದ ಅಗಸಿ ಹೆಂಗಿರ್ತದ ಅಂತ ತಿಳೀಬೇಕಂದ್ರ ಮತ್ತ ಬ್ರಾಂಡೆನ್‌ಬುರ್ಗರ್ ತೋರಿಗೇ ಹೋಗಬೇಕು. ಆ ಬಾಗಲಾ ಏನೇನ್ ನೋಡ್ಯದ! 1806ರಾಗ ನೆಪೋಲಿಯನ್ ಬಂದು ಮ್ಯಾಲಿನ ರಥಾ ಕುದರಿ ಎಲ್ಲಾ ಇಳಿಸಿ ಪ್ಯಾರಿಸಿಗೆ ಒಯ್ದ. 1814ರಾಗ ಅವನ್ನ ವಾಪಸ್ ತಂದು ಕೂಡಿಸಿದ್ರು. 1961ರಾಗ ಊರ ನಡುವ ಗ್ವಾಡಿ ಬಂತಲಾ, ಅವಾಗ ಈ ಬಾಗಲಾ ಆ ಗ್ವಾಡಿ ಅಂಚಿನ್ಯಾಗ ಸಿಕ್ಕೊಂತು. ಪೂರ್ವದವರೂ ಅದರ ಕೆಳಗ ಹಾಯೋಂಗಿಲ್ಲ, ಪಶ್ಚಿಮದವರೂ ಹಾಯೋಂಗಿಲ್ಲ. 28 ವರ್ಷ ಹಂಗ ಇತ್ತು. ಆ ಕಡೆ ಅವ್ವ, ಈ ಕಡೆ ಮಗಳು ಅಂತ ಉಳದ ಮನಿಗೋಳು ಎಷ್ಟೋ. ಅದಕ್ಕ ಮುಚ್ಚಿದ ಅಗಸಿ ಅಂತಾರ, ಬಂದೂಕ ಹಿಡಕೊಂಡು ಕಾಯೋ ಅಗಸಿ. ಅದೂ ಸೈತ 1989ರ ಡಿಸೆಂಬರ್ 22ಕ್ಕ ತೆಗೀತು.

ನಾ ಅದರ ಕೆಳಗ ಅತ್ತಿಂದಿತ್ತ ನಾಕು ಸಲ ಅಡ್ಡಾಡಿದೆ. ಮಗಳು "ಸಾಕು ನಡೀಯವ್ವಾ" ಅನ್ನೋ ತನಕ. ಅಲ್ಲಿ ಯಾರೂ ಯಾಕಂತ ಕೇಳಲಿಲ್ಲ. ಹತ್ತು, ಇಪ್ಪತ್ತು, ಐವತ್ತು ಸೆಂಟಿನ ಜರ್ಮನ್ ನಾಣ್ಯದ ಮ್ಯಾಲೆ ಅದ ಬಾಗಲಾ ಅದ. ಉಳದ ಚಿಲ್ಲರದಾಗ ಆರಿಸಿ ಒಂದು ಹಿಡಿ ತಂದೇನಿ, ಬಂದ ಮಕ್ಕಳ ಕೈಯಾಗ ಒಂದೊಂದು ಇಡ್ತೇನಿ.

ಮತ್ತ ಆ ಹಿರೇರು ಹೋದ ವಾರ ಮನಿಗೆ ಬಂದಿದ್ರು. ಚಾ ಕುಡದು ಅದ ಮಾತು ಎತ್ತಿದ್ರು. ನಾ ಅಂದೆ, "ವೈನಿ, ಅಕಿ ಮದವಿ ಆಗೂದಿಲ್ಲ ಅಂತ ಹೇಳಿಲ್ಲ. ನೋಡ್ಲಿಕ್ಕೆ ಹತ್ಯಾಳ. ಎಲ್ಲಿಗೆ ಹೋಗತದ ಅಂತ ತಿಳಕೊಂಡು ಹೋಗ್ತಾಳ. ಅಲ್ಲೀ ತನಕ ನಮ್ಮ ಕೆಲಸ ಏನಂದ್ರ ಕಂದೀಲು ಹಿಡಿಯೋದು, ಕಿರುಚೋದಲ್ಲ." ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಮ್ಮ ಮೊಮ್ಮಗಳ ಮಾತು ಎತ್ತಿದ್ರು, ಇಪ್ಪತ್ತಾರು ಅಂತ ಅಕಿಗೆ, ಪರೀಕ್ಷೆಕ್ಕ ಓದಲಿಕ್ಕೆ ಹತ್ಯಾಳಂತ, ಮನ್ಯಾಗ ಗದ್ದಲಾ ನಡದದಂತ. "ನಿಮ್ಮ ಮಗಳ ನಂಬರ್ ಕೊಡ್ರಿ, ನಮ್ಮ ಹುಡಗಿ ಒಂದೀಟು ಮಾತಾಡ್ತಾಳ" ಅಂದ್ರು. ಬರದು ಕೊಟ್ಟೆ.